ಹೆಸರಷ್ಟೇ ಉಳಿದ ಹೆಬ್ಬಾಗಿಲುಗಳು

ಚೀನಾದ ರಾಜಧಾನಿ ಬೀಜಿಂಗ್‌ನ ‘ಮಧ್ಯರೇಖೆ’ಗೆ ವಿಶ್ವ ಪರಂಪರೆಯ ತಾಣವೆಂಬ ಮಾನ್ಯತೆ ದೊರೆತದ್ದು 2024ರ ಜುಲೈ ತಿಂಗಳಿನಲ್ಲಿ, ನವದೆಹಲಿಯಲ್ಲಿ ನಡೆದ ಯುನೆಸ್ಕೊ ಸಮಿತಿಯ 46ನೆಯ ಅಧಿವೇಶನದಲ್ಲಿ, ಅಸ್ಸಾಮಿನ ಅಹೋಮ್ ಅರಸರ ಸಮಾಧಿ ದಿಬ್ಬಗಳಾದ ಮೊಯಿದಮ್‌ಗಳು ಆ ಪಟ್ಟಿಗೆ ಸೇರಿದ್ದೂ ಅದೇ ಅಧಿವೇಶನದಲ್ಲಿ. ಮಧ್ಯರೇಖೆಯೆಂದರೆ ಹಳೆಯ ಬೀಜಿಂಗ್ ನಗರವನ್ನು ಉತ್ತರದಿಂದ ದಕ್ಷಿಣಕ್ಕೆ ಸರಿಪಾಲಾಗಿ ಸೀಳಿಕೊಂಡು ಹೋಗುವ 7.8 ಕಿಲೊಮೀಟರ್ ಉದ್ದದ ಗೆರೆ. ಉತ್ತರ ತುದಿಯ ಗಂಟೆಗೋಪುರ ಮತ್ತು ನಗಾರಿಗೋಪುರಗಳಿಂದ ಹೊರಟು, ಜಿಂಗ್‌ಶಾನ್ ಗುಡ್ಡವನ್ನೂ ಚಕ್ರವರ್ತಿಗಳ ಅರಮನೆಯನ್ನೂ ತಿಯಾನನ್‌ಮೆನ್ ಚೌಕವನ್ನೂ ಹಾದು, ದಕ್ಷಿಣದ ಯೊಂಗ್‌ಡಿಂಗ್‌ಮೆನ್ ಹೆಬ್ಬಾಗಿಲಿನಲ್ಲಿ ಮುಗಿಯುವ ಈ ಗೆರೆಯ ಆಚೀಚೆ ಇಡೀ ನಗರವನ್ನು ತಕ್ಕಡಿಯ ಎರಡು ತಟ್ಟೆಗಳಂತೆ ತೂಗಿ ಇಡಲಾಗಿತ್ತು. ಆದರೆ ಗೆರೆಯ ದಕ್ಷಿಣ ತುದಿಯಲ್ಲಿ ಇಂದು ಕಾಣುವ ಯೊಂಗ್‌ಡಿಂಗ್‌ಮೆನ್ ಹದಿನಾರನೆಯ ಶತಮಾನದ ಮೂಲ ಕಟ್ಟಡವಲ್ಲ. ಆ ಬಾಗಿಲನ್ನು 1957ರಲ್ಲಿ ಕೆಡವಲಾಯಿತು. ಈಗಿರುವುದನ್ನು 2004ರಲ್ಲಿ ಅದೇ ನೆಲೆಯ ಮೇಲೆ ಹೊಸದಾಗಿ ಎಬ್ಬಿಸಲಾಯಿತು. ಬೀಜಿಂಗ್ ಕಳೆದುಕೊಂಡದ್ದನ್ನು ಅಳೆಯಬೇಕಾದವರು ಈ ಎರಡು ಇಸವಿಗಳ ನಡುವೆ ಆ ನಗರದಲ್ಲಿ ಏನೇನಾಯಿತು ಎಂಬುದನ್ನು ನೋಡಬೇಕಾಗುತ್ತದೆ.

ಚೀನೀ ಭಾಷೆಯಲ್ಲಿ ‘ಮೆನ್’ ಎಂದರೆ ಬಾಗಿಲು. ಬೀಜಿಂಗ್ ಮೆಟ್ರೊದ ಎರಡನೆಯ ಮಾರ್ಗದ ನಕಾಶೆಯನ್ನು ನೋಡಿದರೆ ಶಿಝಿಮೆನ್, ಫುಚೆಂಗ್‌ಮೆನ್, ಶುವಾನ್‌ವುಮೆನ್, ಚೊಂಗ್‌ವೆನ್‌ಮೆನ್, ಚಾವೊಯಾಂಗ್‌ಮೆನ್, ಡೊಂಗ್‌ಝಿಮೆನ್ ಎಂದು ಬಾಗಿಲುಗಳ ಹೆಸರು ಹೊತ್ತ ನಿಲ್ದಾಣಗಳು ಉಂಗುರದಂತೆ ಸುತ್ತುವರಿದಿರುವುದು ಕಾಣುತ್ತದೆ. ನಿಲ್ದಾಣದ ಮೆಟ್ಟಿಲೇರಿ ಹೊರಬಂದವರಿಗೆ ಎದುರಾಗುವುದು ಮೇಲ್ಸೇತುವೆ, ಕಚೇರಿಗಳ ಗಾಜಿನ ಗೋಪುರ ಮತ್ತು ಎರಡನೆಯ ವರ್ತುಲ ರಸ್ತೆಯ ವಾಹನಗಳ ಸಾಲು. ಹೆಸರಿನ ಬಾಗಿಲು ಅಲ್ಲಿಲ್ಲ. 1980ರ ದಶಕದಲ್ಲಿ ಓದಿಗೋ ಉದ್ಯೋಗಕ್ಕೋ ಅಲ್ಲಿದ್ದು ಈಗ ಮರಳಿ ಹೋಗುವವರಿಗೆ, ಅಂದು ಜಿಂಗ್‌ಶಾನ್ ಗುಡ್ಡದ ಮೇಲಿನಿಂದ ಕಾಣುತ್ತಿದ್ದ ಬೂದುಬಣ್ಣದ ಹೆಂಚಿನ ಸೂರುಗಳ ಹರವು, ಅವುಗಳ ನಡುವಿನಿಂದ ತಲೆಯೆತ್ತಿದ ಮನೆಯಂಗಳದ ಮರಗಳು, ಬಾಲಕ್ಕೆ ಪೀಪಿ ಕಟ್ಟಿದ ಪಾರಿವಾಳಗಳು ಹಾರುವಾಗ ಆಕಾಶದಲ್ಲಿ ತೇಲುತ್ತಿದ್ದ ನಾದ, ಬೀದಿ ತುಂಬಿದ ಸೈಕಲ್ಲುಗಳು, ಇವೆಲ್ಲ ತುಂಡುತುಂಡಾಗಿ ಮಾತ್ರ ಸಿಗುತ್ತವೆ. ಎರಡು ಕೋಟಿಗೂ ಹೆಚ್ಚು ಜನರ ಈ ಮಹಾನಗರದಲ್ಲಿ ಮೆಟ್ರೊ ಜಾಲ 800 ಕಿಲೊಮೀಟರನ್ನು ಮೀರಿದೆ, ವರ್ತುಲ ರಸ್ತೆಗಳು ಆರನೆಯದರವರೆಗೆ ಬೆಳೆದಿವೆ, 528 ಮೀಟರ್ ಎತ್ತರದ ಗೋಪುರ ತಲೆಯೆತ್ತಿದೆ. ಹಳೆಯ ಗುರುತು ಹಿಡಿದು ದಾರಿ ಕಂಡುಕೊಳ್ಳುವುದು ಅಲ್ಲೇ ಹುಟ್ಟಿ ಬೆಳೆದವರಿಗೂ ಸುಲಭವಾಗಿಲ್ಲ.

ಈ ನಗರದ ಮೂಲ ವಿನ್ಯಾಸ ಮಂಗೋಲರ ಕಾಲದ್ದು. ಚೆಂಗಿಸ್ ಖಾನನ ಮೊಮ್ಮಗ ಕುಬ್ಲಾಯಿ ಖಾನ್ 1267ರಲ್ಲಿ ಕಟ್ಟಲಾರಂಭಿಸಿದ ‘ದಾದು’, ಅಂದರೆ ಮಹಾ ರಾಜಧಾನಿ, ಚದುರಂಗದ ಮಣೆಯಂತೆ ನೇರವಾದ ಬೀದಿಗಳನ್ನು ಹೊಂದಿತ್ತು. ಇಟಲಿಯ ಪ್ರವಾಸಿ ಮಾರ್ಕೊ ಪೋಲೊ ಬೆರಗಾಗಿ ಬಣ್ಣಿಸಿದ್ದು ಇದನ್ನೇ. ದೊಡ್ಡ ಬೀದಿಗೆ 24 ಹೆಜ್ಜೆ, ಚಿಕ್ಕ ಬೀದಿಗೆ 12 ಹೆಜ್ಜೆ, ಓಣಿಗೆ 6 ಹೆಜ್ಜೆ ಎಂದು ಅಗಲವನ್ನು ಗೊತ್ತುಪಡಿಸಲಾಗಿತ್ತು; ಇಲ್ಲಿನ ‘ಹೆಜ್ಜೆ’ ಸುಮಾರು ಒಂದೂವರೆ ಮೀಟರಿನ ಅಳತೆಯಾದ್ದರಿಂದ ಓಣಿಯ ಅಗಲ ಸುಮಾರು 9 ಮೀಟರ್ ಆಗುತ್ತಿತ್ತು. ಈ ಓಣಿಗಳಿಗೆ ‘ಹುಟಾಂಗ್’ ಎಂದು ಹೆಸರು. ಬಾವಿ ಎಂಬ ಅರ್ಥದ ಮಂಗೋಲಿ ಪದದಿಂದ ಇದು ಬಂದಿರಬೇಕೆಂದು ಹಲವು ವಿದ್ವಾಂಸರು ಊಹಿಸುತ್ತಾರೆ. ನೀರಿದ್ದಲ್ಲಿ ಜನ ನೆಲೆಸಿ, ನೆಲೆಸಿದ್ದಲ್ಲಿ ಓಣಿ ಮೂಡುವುದು ಎಲ್ಲ ಊರುಗಳ ಕಥೆಯಾದ್ದರಿಂದ ಈ ಊಹೆಯನ್ನು ತಳ್ಳಿಹಾಕುವುದು ಕಷ್ಟ. ಮುಂದೆ ಮಿಂಗ್ ವಂಶದ ಯೊಂಗ್ಲೆ ಚಕ್ರವರ್ತಿ ರಾಜಧಾನಿಯನ್ನು ದಕ್ಷಿಣದ ನಾನ್‌ಜಿಂಗ್‌ನಿಂದ ಇಲ್ಲಿಗೆ ತಂದು, 1406ರಿಂದ 1420ರ ನಡುವೆ ಅರಮನೆಯನ್ನು ಕಟ್ಟಿಸಿದ. ನಡುವೆ ದಮ್ಮಸ್ಸು ಮಾಡಿದ ಮಣ್ಣು, ಹೊರಮೈಗೆ ಇಟ್ಟಿಗೆ, ಸುತ್ತ ನೀರು ತುಂಬಿದ ಕಂದಕ, ಇದು ನಗರದ ಕೋಟೆಗೋಡೆಯ ರಚನೆ. ಒಳಕೋಟೆಗೆ ಒಂಬತ್ತು ಬಾಗಿಲುಗಳಿದ್ದವು. 1553ರಲ್ಲಿ ಆರಂಭಿಸಿದ ಹೊರಕೋಟೆಯನ್ನು ನಾಲ್ಕೂ ಕಡೆ ಕಟ್ಟುವ ಉದ್ದೇಶವಿದ್ದರೂ ಹಣ ಸಾಲದೆ ದಕ್ಷಿಣ ಭಾಗಕ್ಕಷ್ಟೇ ಕಟ್ಟಿ ನಿಲ್ಲಿಸಿದ್ದರಿಂದ, ನಗರದ ನಕಾಶೆ ಅಗಲ ಅಂಚಿನ ಟೊಪ್ಪಿಗೆಯೊಂದರಂತೆ ಕಾಣುತ್ತಿತ್ತು.

ಹುಟಾಂಗ್‌ಗಳ ಎರಡೂ ಬದಿಗಿದ್ದ ಮನೆಗಳಿಗೆ ‘ಸಿಹೆಯುವಾನ್’ ಎನ್ನುತ್ತಾರೆ. ನಾಲ್ಕು ಕಡೆಯಿಂದ ಮುಚ್ಚಿದ ಅಂಗಳ ಎಂಬುದು ಆ ಪದದ ಅರ್ಥ. ಕರ್ನಾಟಕದ ತೊಟ್ಟಿಮನೆಯನ್ನು ಬಲ್ಲವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ನಡುವೆ ಬಯಲು ಅಂಗಳ, ಉತ್ತರಕ್ಕೆ ದಕ್ಷಿಣಾಭಿಮುಖವಾಗಿ ಹಿರಿಯರ ಮನೆ, ಪೂರ್ವ ಪಶ್ಚಿಮಗಳಲ್ಲಿ ಮಕ್ಕಳ ಸಂಸಾರಗಳು, ಆಗ್ನೇಯ ಮೂಲೆಯಲ್ಲಿ ಬೀದಿಬಾಗಿಲು, ಬಾಗಿಲು ದಾಟಿದೊಡನೆ ಒಳಗಿನದು ಹೊರಗಿನವರ ಕಣ್ಣಿಗೆ ಬೀಳದಂತೆ ತಡೆಯುವ ಒಂದು ಮರೆಗೋಡೆ. ಚಳಿಗಾಲದಲ್ಲಿ ಉತ್ತರದ ಗಾಳಿಗೆ ಬೆನ್ನು ಕೊಟ್ಟು ದಕ್ಷಿಣದ ಬಿಸಿಲನ್ನು ಮನೆಯೊಳಕ್ಕೆ ಬರಮಾಡಿಕೊಳ್ಳುವ ಈ ವಿನ್ಯಾಸ ಆ ಹವೆಗೆ ಹೇಳಿ ಮಾಡಿಸಿದಂತಿತ್ತು. ಹಳದಿ ಬಣ್ಣದ ಮೆರುಗಿನ ಹೆಂಚು ಚಕ್ರವರ್ತಿಗೆ ಮೀಸಲು. ಪ್ರಜೆಗಳ ಮನೆಗೆ ಬೂದುಬಣ್ಣದ ಹೆಂಚು, ಅದೂ ಒಂದೇ ಅಂತಸ್ತು. ಅರಮನೆಯ ಹೊನ್ನಿನ ಸೂರು ಹಾಗೆ ಬೆಳಗಿ ಕಾಣುತ್ತಿದ್ದುದು ಸುತ್ತಲಿನ ಸಾವಿರಾರು ಬೂದು ಸೂರುಗಳು ತಗ್ಗಿ ನಿಂತಿದ್ದರಿಂದ. ಓಣಿಗಳನ್ನು ಅಳಿಸಿ ಅರಮನೆಯೊಂದನ್ನೇ ಉಳಿಸಿಕೊಂಡರೆ ಅರಮನೆಯ ಅರ್ಥವೂ ಅರ್ಧಕ್ಕಿಳಿಯುತ್ತದೆ ಎಂಬುದನ್ನು ಮುಂದಿನ ಯೋಜಕರಲ್ಲಿ ಬಹುಮಂದಿ ಗಮನಿಸಲಿಲ್ಲ.

ಹಳೆಯ ಬೀಜಿಂಗ್ ಇನ್ನೂ ಇಡಿಯಾಗಿದ್ದಾಗ ಅದನ್ನು ಕಂಡ ಭಾರತೀಯರಲ್ಲಿ ರವೀಂದ್ರನಾಥ ಠಾಕೂರರು ಮುಖ್ಯರು. ಚೀನಾದ ಚಿಂತಕ ಲಿಯಾಂಗ್ ಛಿಚಾವೊ ಮತ್ತು ಅವರ ಗೆಳೆಯರ ಆಹ್ವಾನದ ಮೇಲೆ 1924ರಲ್ಲಿ ಅಲ್ಲಿಗೆ ಹೋಗಿದ್ದ ಠಾಕೂರರ ಹುಟ್ಟುಹಬ್ಬದ ದಿನ, ಮೇ 8ರಂದು, ಬೀಜಿಂಗ್‌ನಲ್ಲಿ ಅವರದೇ ‘ಚಿತ್ರಾ’ ನಾಟಕವನ್ನು ಆಡಿದರು. ಚಿತ್ರಾಂಗದೆಯ ಪಾತ್ರ ವಹಿಸಿದ ತರುಣಿ ಲಿನ್ ಹುಯಿಯಿನ್. ಆಕೆ ಮುಂದೆ ಲಿಯಾಂಗ್ ಛಿಚಾವೊ ಅವರ ಮಗ ಲಿಯಾಂಗ್ ಸಿಚೆಂಗ್‌ರನ್ನು ಮದುವೆಯಾದರು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಈ ದಂಪತಿ, ಚೀನಾದ ಹಳೆಯ ಕಟ್ಟಡಗಳನ್ನು ಊರೂರು ಅಲೆದು, ಅಳೆದು, ಚಿತ್ರ ಬರೆದು ದಾಖಲಿಸಿದರು, ಕ್ರಿ.ಶ. 857ರಲ್ಲಿ ಕಟ್ಟಿದ ಫೊಗುವಾಂಗ್ ಬೌದ್ಧ ದೇವಾಲಯದ ಮರದ ಮಂಟಪವನ್ನು 1937ರಲ್ಲಿ ಗುರುತಿಸಿ ಅದರ ಕಾಲವನ್ನು ನಿರ್ಣಯಿಸಿದ್ದು ಇವರೇ. ಠಾಕೂರರ ಭೇಟಿಯ ಆ ವರ್ಷವೇ ಸ್ವೀಡನ್ನಿನ ಕಲಾ ಇತಿಹಾಸಕಾರ ಓಸ್ವಾಲ್ಡ್ ಸಿರೇನ್ ಬೀಜಿಂಗ್‌ನ ಕೋಟೆಗೋಡೆ ಮತ್ತು ಬಾಗಿಲುಗಳ ಬಗೆಗೆ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಇಂದು ಆ ಬಾಗಿಲುಗಳನ್ನು ಕಾಣಬಯಸುವವರಿಗೆ ಸಿರೇನ್ ತೆಗೆದ ಛಾಯಾಚಿತ್ರಗಳು ಬಹುದೊಡ್ಡ ಆಸರೆ.

1949ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬೀಜಿಂಗನ್ನು ರಾಜಧಾನಿಯಾಗಿ ಘೋಷಿಸಿದಾಗ, ಹೊಸ ರಾಷ್ಟ್ರದ ಸಚಿವಾಲಯಗಳೂ ಕಚೇರಿಗಳೂ ಎಲ್ಲಿರಬೇಕೆಂಬ ಪ್ರಶ್ನೆ ಎದ್ದಿತು. ಲಿಯಾಂಗ್ ಸಿಚೆಂಗ್ ಮತ್ತು ಇಂಗ್ಲೆಂಡಿನಲ್ಲಿ ನಗರ ಯೋಜನೆ ಕಲಿತಿದ್ದ ಚೆನ್ ಝಾನ್‌ಶಿಯಾಂಗ್ ಸೇರಿ 1950ರ ಫೆಬ್ರವರಿಯಲ್ಲಿ ಮುಂದಿಟ್ಟ ಪ್ರಸ್ತಾವ ಇಂದಿಗೂ ‘ಲಿಯಾಂಗ್-ಚೆನ್ ಪ್ರಸ್ತಾವ’ ಎಂದೇ ಪ್ರಸಿದ್ಧ. ಹಳೆಯ ನಗರವನ್ನು ಅದರ ಪಾಡಿಗೆ ಬಿಟ್ಟು, ಗೋಡೆಯಾಚೆ ಪಶ್ಚಿಮಕ್ಕೆ ಹೊಸ ಆಡಳಿತ ಕೇಂದ್ರವನ್ನು ಕಟ್ಟಬೇಕು, ಹೀಗೆ ಮಾಡಿದರೆ ಹಳೆಯದೂ ಉಳಿಯುತ್ತದೆ, ಹೊಸದಕ್ಕೂ ಕೈಕಾಲು ಚಾಚಲು ಜಾಗ ಸಿಗುತ್ತದೆ ಎಂಬುದು ಅದರ ತಿರುಳು. ಕಚೇರಿಗಳನ್ನು ಹಳೆಯ ನಗರದೊಳಕ್ಕೆ ತುರುಕಿದರೆ ಜನಸಂದಣಿ ಮತ್ತು ವಾಹನ ದಟ್ಟಣೆ ಕೈಮೀರುತ್ತವೆ ಎಂದೂ ಅವರು ಎಚ್ಚರಿಸಿದ್ದರು. ಕೋಟೆಗೋಡೆಯ ಬಗೆಗೆ ಲಿಯಾಂಗ್ ಅವರದು ಇನ್ನೂ ಸೊಗಸಾದ ಕಲ್ಪನೆ. ಒಳ ಹೊರ ಕೋಟೆಗಳೆರಡೂ ಸೇರಿ 39.75 ಕಿಲೊಮೀಟರ್ ಉದ್ದವಿದ್ದ ಆ ಗೋಡೆಯ ನೆತ್ತಿ ಹತ್ತು ಮೀಟರಿಗೂ ಅಗಲವಾಗಿತ್ತು. ಅಲ್ಲಿ ಹೂಗಿಡ ನೆಟ್ಟು, ಬೆಂಚು ಹಾಕಿ, ಜನ ಬೇಸಿಗೆಯ ಸಂಜೆ ಗಾಳಿಗೆ ಬಂದು ಕೂರುವ ಉದ್ಯಾನವನ್ನಾಗಿಸಬಹುದು, ಬಾಗಿಲ ಮೇಲಣ ಉಪ್ಪರಿಗೆಗಳನ್ನು ಪ್ರದರ್ಶನಾಲಯಗಳನ್ನಾಗಿಸಬಹುದು, ಕಂದಕದಲ್ಲಿ ದೋಣಿ ಬಿಡಬಹುದು ಎಂದು ಅವರು ಚಿತ್ರ ಬರೆದು ತೋರಿಸಿದರು. ಸಂಚಾರಕ್ಕೆ ಅಡ್ಡಿಯೆನ್ನುವುದಾದರೆ ಗೋಡೆಯಲ್ಲಿ ಹೊಸ ಕಂಡಿಗಳನ್ನು ತೆರೆದರಾಯಿತು ಎಂಬುದು ಅವರ ಉತ್ತರ.

ಪ್ರಸ್ತಾವ ತಿರಸ್ಕೃತವಾಯಿತು. ಸೋವಿಯತ್ ತಜ್ಞರು ತಿಯಾನನ್‌ಮೆನ್ ಸುತ್ತಲೇ ಆಡಳಿತ ಕೇಂದ್ರವಿರಲಿ ಎಂದು ಸಲಹೆ ಕೊಟ್ಟಿದ್ದರು. ಯುದ್ಧಗಳಿಂದ ಬಸವಳಿದ ದೇಶದ ಬೊಕ್ಕಸದಲ್ಲಿ ಹೊಸ ನಗರ ಕಟ್ಟುವಷ್ಟು ಹಣವಿರಲಿಲ್ಲ ಎಂಬುದೂ ನಿಜ. ಚಕ್ರವರ್ತಿಗಳು ಕುಳಿತ ಜಾಗದಲ್ಲಿ ಜನತೆಯ ಸರ್ಕಾರ ಕೂರಬೇಕೆಂಬ ಭಾವನೆ ಇವೆರಡಕ್ಕಿಂತಲೂ ಬಲವಾಗಿದ್ದಿರಬೇಕು. ಬಳಿಕ ಒಂದೊಂದೇ ಕಟ್ಟಡ ಉರುಳತೊಡಗಿತು. 1952ರಲ್ಲಿ ತಿಯಾನನ್‌ಮೆನ್ ಎದುರಿನ ಎಡ ಬಲದ ಚಾಂಗಾನ್ ಬಾಗಿಲುಗಳು, 1954ರಲ್ಲಿ ಬೀದಿಗಳಿಗೆ ಅಡ್ಡಲಾಗಿ ನಿಂತಿದ್ದ ‘ಪಾಯ್‌ಲೊ’ ಎಂಬ ಅಲಂಕೃತ ಕಮಾನುಗಳು, ಅದೇ ವರ್ಷ ಮಧ್ಯರೇಖೆಯ ಮೇಲಿದ್ದ ಝೊಂಗ್‌ಹುವಾಮೆನ್. ಆಗ ಬೀಜಿಂಗ್‌ನ ಉಪಮೇಯರ್ ಆಗಿದ್ದ ಇತಿಹಾಸಕಾರ ವು ಹಾನ್ ಅವರೊಡನೆ ಲಿಯಾಂಗ್ ದಂಪತಿ ಈ ಕಮಾನುಗಳಿಗಾಗಿ ವಾದಿಸಿ ಸೋತರು. ಈಗ ನಿಜವಾದದ್ದನ್ನು ಕೆಡವಿ ಮುಂದೊಂದು ದಿನ ಪಶ್ಚಾತ್ತಾಪಪಟ್ಟು ನಕಲಿಯನ್ನು ಕಟ್ಟುತ್ತೀರಿ ಎಂದು ಕ್ಷಯರೋಗದಿಂದ ಬಳಲುತ್ತಿದ್ದ ಲಿನ್ ಹುಯಿಯಿನ್ ಅವರು ವು ಹಾನ್‌ಗೆ ಹೇಳಿದರೆಂದು ಪ್ರತೀತಿಯಿದೆ. ಆಕೆ 1955ರಲ್ಲಿ ತೀರಿಕೊಂಡರು. ವು ಹಾನ್ ಕೂಡ ಸಾಂಸ್ಕೃತಿಕ ಕ್ರಾಂತಿಯ ಮೊದಲ ಬಲಿಪಶುಗಳಲ್ಲಿ ಒಬ್ಬರಾಗಿ 1969ರಲ್ಲಿ ಸೆರೆಮನೆಯಲ್ಲಿ ಅಸುನೀಗಿದರು.

ಗೋಡೆಗೆ ಅಂತಿಮ ಪೆಟ್ಟು ಬಿದ್ದದ್ದು ಮೆಟ್ರೊ ಕಾಮಗಾರಿಯಿಂದ. 1965ರ ಜುಲೈಯಲ್ಲಿ ಆರಂಭವಾದ ಈ ಕೆಲಸದಲ್ಲಿ, ನೆಲವನ್ನು ಮೇಲಿನಿಂದ ಅಗೆದು ಸುರಂಗ ಕಟ್ಟಿ ಮತ್ತೆ ಮುಚ್ಚುವ ವಿಧಾನವನ್ನು ಅನುಸರಿಸಲಾಯಿತು. ಅಗೆಯಲು ಉದ್ದವಾದ, ಮನೆಗಳಿಲ್ಲದ ಪಟ್ಟಿ ಬೇಕಿತ್ತು. ಕೋಟೆಗೋಡೆ ಮತ್ತು ಕಂದಕಗಳ ಜಾಡು ಅದಕ್ಕೆ ಒದಗಿತು. ಹೀಗೆ ಒಳಕೋಟೆಯ ಗೋಡೆ ಇದ್ದಲ್ಲಿ ನೆಲದಡಿ ರೈಲುಮಾರ್ಗವೂ ಮೇಲೆ ವರ್ತುಲ ರಸ್ತೆಯೂ ಬಂದವು. 1969ರಲ್ಲಿ ಶಿಝಿಮೆನ್ ಬಾಗಿಲಿನ ಬಾಣಗೋಪುರವನ್ನು, ಎಂದರೆ ಬಾಗಿಲ ಮುಂದೆ ಬಾಣ ಬಿಡುವ ಕಿಂಡಿಗಳ ಸಾಲುಗಳಿದ್ದ ಕಾವಲು ಗೋಪುರವನ್ನು ಒಡೆಯುತ್ತಿದ್ದಾಗ, ಅದರ ಹೊಟ್ಟೆಯೊಳಗೆ ಇನ್ನೊಂದು ಬಾಗಿಲು ಕಾಣಿಸಿಕೊಂಡಿತು. ಅದು ಮಂಗೋಲರ ದಾದು ನಗರದ ಹೆಯಿಮೆನ್, 1358ರ ಕಟ್ಟಡ. ಮಿಂಗ್ ಕಾಲದವರು ಅದನ್ನು ಕೆಡವದೆ ಹೊಸ ಗೋಪುರದೊಳಗೆ ಹುದುಗಿಸಿಬಿಟ್ಟಿದ್ದರು. ಶತ್ರುಗಳು ಬಾಗಿಲಿಗೆ ಬೆಂಕಿ ಹಚ್ಚಿದರೆ ಮೇಲಿನಿಂದ ನೀರು ಸುರಿದು ಆರಿಸುವ ಏರ್ಪಾಟಿನ ಕುರುಹುಗಳೂ ಅಲ್ಲಿದ್ದವು. ಪುರಾತತ್ತ್ವಜ್ಞರು ಅವಸರದಲ್ಲಿ ಅಳತೆ ಮತ್ತು ಚಿತ್ರಗಳನ್ನು ತೆಗೆದುಕೊಂಡ ಮೇಲೆ ಆರು ಶತಮಾನ ಕಾಪಾಡಿಕೊಂಡು ಬಂದಿದ್ದ ಆ ಬಾಗಿಲನ್ನೂ ಕೆಡವಲಾಯಿತು. ಬೀಜಿಂಗ್‌ನ ಓಣಿಗಳ ಬದುಕನ್ನು ಕಾದಂಬರಿ ನಾಟಕಗಳಲ್ಲಿ ಅಜರಾಮರವಾಗಿಸಿದ ಲೇಖಕ ಲಾವೊ ಶೆ, ಕೆಂಪು ಕಾವಲುಪಡೆಯ ತರುಣರಿಂದ ಥಳಿತಕ್ಕೊಳಗಾಗಿ 1966ರ ಆಗಸ್ಟಿನಲ್ಲಿ ಪ್ರಾಣಬಿಟ್ಟದ್ದು ತಾಯ್‌ಪಿಂಗ್ ಕೆರೆಯಲ್ಲಿ. ಮೆಟ್ರೊ ಡಿಪೊಗಾಗಿ ಆ ಕೆರೆಯನ್ನೂ ಮುಚ್ಚಿದ್ದರಿಂದ ಅವರ ಸಾವಿನ ಸ್ಥಳವನ್ನು ತೋರಿಸಲು ಇಂದು ನೀರೇ ಇಲ್ಲ. ಒಳಕೋಟೆಯ ಒಂಬತ್ತು ಬಾಗಿಲುಗಳಲ್ಲಿ ಉಳಿದದ್ದು ಝೆಂಗ್‌ಯಾಂಗ್‌ಮೆನ್ ಮತ್ತು ಡೆಶೆಂಗ್‌ಮೆನ್‌ನ ಬಾಣಗೋಪುರ ಮಾತ್ರ. ಈ ಎರಡನೆಯದನ್ನೂ 1979ರಲ್ಲಿ ಕೆಡವಲು ಹೊರಟಾಗ, ನಗರ ಯೋಜಕ ಝೆಂಗ್ ಶಿಯಾವೊಶಿಯೆ ಉನ್ನತ ನಾಯಕ ಚೆನ್ ಯುನ್ ಅವರಿಗೆ ಪತ್ರ ಬರೆದು ತಡೆದರು.

ಗೋಡೆ ಹೋದರೂ ಓಣಿಗಳು ಇನ್ನೂ ಇದ್ದವು. ಅವುಗಳ ಒಳಗಿನ ಕುಸಿತ ಬೇರೆ ಬಗೆಯದು, ಬುಲ್ಡೋಜರ್ ಬರುವುದಕ್ಕೆ ಎಷ್ಟೋ ಮೊದಲೇ ಆರಂಭವಾದದ್ದು. 1950ರ ದಶಕದ ಕೊನೆಯ ಹೊತ್ತಿಗೆ ಬಾಡಿಗೆಗೆ ಕೊಟ್ಟಿದ್ದ ಖಾಸಗಿ ಮನೆಗಳ ನಿರ್ವಹಣೆಯನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಬಾಡಿಗೆ ಎಷ್ಟು ಕಡಿಮೆಯಿತ್ತೆಂದರೆ ಅದರಿಂದ ಹೆಂಚು ಕೈಯಾಡಿಸುವ ಖರ್ಚೂ ಹುಟ್ಟುತ್ತಿರಲಿಲ್ಲ. ಒಂದು ಕುಟುಂಬಕ್ಕೆಂದು ಕಟ್ಟಿದ ಸಿಹೆಯುವಾನ್‌ನಲ್ಲಿ ಎಂಟು ಹತ್ತು ಸಂಸಾರಗಳು ತುಂಬಿಕೊಂಡವು. ಇಂಥ ಮನೆಗೆ ‘ದಾಜಾಯುವಾನ್’, ಅಂದರೆ ಹಲವರು ಬೆರೆತು ಬಾಳುವ ದೊಡ್ಡಂಗಳ, ಎಂಬ ಹೆಸರು ಬಂತು. 1976ರ ತಾಂಗ್‌ಶಾನ್ ಭೂಕಂಪದ ಬಳಿಕ ಜನ ಅಂಗಳಗಳಲ್ಲಿ ತಾತ್ಕಾಲಿಕ ಜೋಪಡಿಗಳನ್ನು ಕಟ್ಟಿಕೊಂಡರು. ಅವು ಕಾಯಂ ಅಡುಗೆಮನೆಗಳಾಗಿ, ಮಲಗುವ ಕೋಣೆಗಳಾಗಿ ಉಳಿದು, ಅಂಗಳವೆಂಬುದು ಒಬ್ಬರು ಮಾತ್ರ ನುಸುಳಬಹುದಾದ ಸಂದಿಯಾಯಿತು. ಹಲವು ಸಂಸಾರಗಳಿಗೆ ಒಂದೇ ನಲ್ಲಿ, ಶೌಚಕ್ಕೆ ಕೊರೆಯುವ ಚಳಿಯಲ್ಲೂ ಓಣಿಯ ಸಾರ್ವಜನಿಕ ಶೌಚಾಲಯ, ಕಾಯಿಸಿಕೊಳ್ಳಲು ಜೇನುಗೂಡಿನಂತೆ ತೂತುಗಳಿರುವ ಕಲ್ಲಿದ್ದಲ ಬಿಲ್ಲೆ. ದೂರದಿಂದ ಬಂದು ಎರಡು ದಿನ ನೋಡಿ ಹೋಗುವವರು ಓಣಿಯ ಚೆಲುವನ್ನು ಹಾಡಿ ಹೊಗಳುವಾಗ ಈ ಸಂಗತಿಯನ್ನು ಮರೆಯಬಾರದು. ಮನೆ ಖಾಲಿ ಮಾಡಿಸಿದಾಗ ಅತ್ತವರಿದ್ದಂತೆ, ಒಳಗೇ ಶೌಚಾಲಯವಿರುವ ಬೆಚ್ಚಗಿನ ಫ್ಲ್ಯಾಟ್ ಸಿಕ್ಕಿತೆಂದು ನೆಮ್ಮದಿಪಟ್ಟವರೂ ಬಹಳ ಮಂದಿ ಇದ್ದರು.

ಆ ನೆಮ್ಮದಿಯನ್ನು ಓಣಿಯಲ್ಲೇ ಒದಗಿಸಬಹುದಿತ್ತೇ ಎಂಬ ಪ್ರಶ್ನೆಗೆ ಬೀಜಿಂಗ್‌ನಲ್ಲೇ ಒಂದು ಉತ್ತರವಿದೆ. ಲಿಯಾಂಗ್ ಅವರ ಶಿಷ್ಯ, ಛಿಂಗ್‌ಹುವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವು ಲಿಯಾಂಗ್‌ಯೊಂಗ್, 1980ರ ದಶಕದ ಕೊನೆಯಲ್ಲಿ ಜುಯರ್ ಹುಟಾಂಗ್ ಎಂಬ ಓಣಿಯನ್ನು ಆಯ್ದುಕೊಂಡು, ಪೂರ್ತಿ ಹಾಳಾಗಿದ್ದ ಮನೆಗಳನ್ನು ಮಾತ್ರ ತೆಗೆದು, ಗಟ್ಟಿಯಿದ್ದವನ್ನು ದುರಸ್ತಿ ಮಾಡಿಸಿ, ಹಳೆಯ ಮರಗಳನ್ನು ಕಡಿಯದೆ, ಎರಡು ಮೂರು ಅಂತಸ್ತಿನ ಹೊಸ ಮನೆಗಳನ್ನು ಅಂಗಳದ ಸುತ್ತಲೇ ಕಟ್ಟಿಸಿದರು. ಪ್ರತಿ ಮನೆಗೂ ನೀರು, ಶೌಚಾಲಯ, ಅಡುಗೆಮನೆ ಬಂದವು. ಓಣಿಯ ಅಳತೆ ಕೆಡಲಿಲ್ಲ. ದೇಹದಲ್ಲಿ ಹಳೆಯ ಜೀವಕೋಶ ಹೋಗಿ ಹೊಸದು ಬರುವಂತೆ ನಗರವೂ ಸ್ವಲ್ಪಸ್ವಲ್ಪವಾಗಿ ಹೊಸದಾಗಬೇಕೆಂಬ ಈ ತತ್ತ್ವವನ್ನು ಅವರು ‘ಜೈವಿಕ ನವೀಕರಣ’ ಎಂದು ಕರೆದರು. ಹಳೆಯ ನಿವಾಸಿಗಳೆಲ್ಲರಿಗೂ ಅಲ್ಲೇ ಮರಳಿ ನೆಲೆಸುವಷ್ಟು ಹಣ ಹೊಂದಿಸಲಾಗಲಿಲ್ಲ ಎಂಬ ಕೊರತೆ ಇದ್ದರೂ, ದಾರಿ ಇದೆ ಎಂಬುದನ್ನು ಜುಯರ್ ಓಣಿ ತೋರಿಸಿಕೊಟ್ಟಿತು ಮತ್ತು ಅದಕ್ಕೆ ವಿಶ್ವ ಆವಾಸ ಪ್ರಶಸ್ತಿಯೂ ಬಂತು. ಆದರೆ ನಗರ ಹಿಡಿದದ್ದು ಬೇರೆ ದಾರಿಯನ್ನು.

1990ರಿಂದ ಆರಂಭವಾದ ‘ವೆಯ್‌ಗಾಯ್’, ಅಂದರೆ ಶಿಥಿಲ ಮನೆಗಳ ನವೀಕರಣ ಯೋಜನೆಯ ಉದ್ದೇಶ ಒಳ್ಳೆಯದೇ. ನಗರದ ಭೂಮಿಯೆಲ್ಲ ರಾಷ್ಟ್ರದ ಸ್ವತ್ತೆಂದು 1982ರ ಸಂವಿಧಾನ ಹೇಳಿತ್ತು. ಭೂಮಿಯ ಬಳಕೆಯ ಹಕ್ಕನ್ನು ಹಣಕ್ಕೆ ಹಸ್ತಾಂತರಿಸಬಹುದೆಂದು 1988ರ ತಿದ್ದುಪಡಿ ಹೇಳಿತು. ಇವೆರಡೂ ಸೇರಿದಾಗ, ಜಿಲ್ಲಾಡಳಿತಗಳಿಗೆ ಹಳೆಯ ಓಣಿಗಳ ನೆಲ ಇದ್ದಕ್ಕಿದ್ದಂತೆ ಚಿನ್ನದ ಗಣಿಯಾಯಿತು. ನಿರ್ಮಾಣ ಕಂಪನಿಗಳಿಗೆ ಇಡೀ ಬಡಾವಣೆಗಳನ್ನೇ ವಹಿಸಿಕೊಡಲಾಯಿತು; ಮನೆಗಳ ಬೂದುಗೋಡೆಯ ಮೇಲೆ ವೃತ್ತವೊಂದರೊಳಗೆ ‘ಚಾಯ್’ ಎಂಬ ಅಕ್ಷರ ಕಾಣಿಸಿಕೊಳ್ಳತೊಡಗಿತು. ‘ಚಾಯ್’ ಎಂದರೆ ‘ಕೆಡವು’. ಒಂದೇ ಅಕ್ಷರ, ಕೆಳಗೆ ಸಹಿ ಕೂಡ ಇರುತ್ತಿರಲಿಲ್ಲ. ಪರಿಹಾರವನ್ನು ವಾಸದ ಚದರಳತೆಯ ಮೇಲೆ ಲೆಕ್ಕ ಹಾಕುತ್ತಿದ್ದುದರಿಂದ, ಹತ್ತು ಹನ್ನೆರಡು ಚದರ ಮೀಟರಿನ ಕೋಣೆಯಲ್ಲಿದ್ದ ಬಡ ಸಂಸಾರಕ್ಕೆ ಬಂದ ಹಣದಲ್ಲಿ ನಗರದೊಳಗೆ ಮನೆ ಸಿಗುವಂತಿರಲಿಲ್ಲ. ಅವರು ಐದನೆಯ ವರ್ತುಲ ರಸ್ತೆಯಾಚೆಯ ತಿಯಾನ್‌ಟೊಂಗ್‌ಯುವಾನ್‌ನಂಥ ಬೃಹತ್ ವಸತಿ ಸಮುಚ್ಚಯಗಳಿಗೆ ಹೋಗಬೇಕಾಯಿತು. ಒಂದೇ ನಲ್ಲಿಯ ಬಳಿ ಮೂವತ್ತು ವರ್ಷ ಜಗಳವಾಡುತ್ತಲೂ ಒಬ್ಬರ ಕಷ್ಟಕ್ಕೆ ಒಬ್ಬರಾಗುತ್ತಲೂ ಬಾಳಿದ ನೆರೆಹೊರೆ ಬೇರೆಬೇರೆ ಗೋಪುರಗಳ ಬೇರೆಬೇರೆ ಮಹಡಿಗಳಿಗೆ ಚದುರಿತು.

2001ರ ಜುಲೈ 13ರಂದು 2008ರ ಒಲಿಂಪಿಕ್ಸ್ ಬೀಜಿಂಗ್‌ಗೆ ಒಲಿದ ಮೇಲೆ ಈ ವೇಗ ಇನ್ನೂ ಹೆಚ್ಚಿತು. ಒಲಿಂಪಿಕ್ಸ್ ನಿಮಿತ್ತ ಸುಮಾರು 15 ಲಕ್ಷ ಜನ ನೆಲೆ ಕಳೆದುಕೊಳ್ಳುತ್ತಾರೆಂದು ಜಿನೀವಾದ ವಸತಿ ಹಕ್ಕುಗಳ ಸಂಸ್ಥೆಯೊಂದು 2007ರಲ್ಲಿ ಅಂದಾಜು ಮಾಡಿದರೆ, ಚೀನಾದ ವಿದೇಶಾಂಗ ಇಲಾಖೆ ಅದನ್ನು ಅಲ್ಲಗಳೆದು, ಸ್ಥಳಾಂತರಗೊಂಡ ಕುಟುಂಬಗಳು 6,037 ಎಂದಿತು. ಒಂದು ಲೆಕ್ಕ ನಗರದ ಒಟ್ಟು ಪುನರಭಿವೃದ್ಧಿಯನ್ನು ಒಳಗೊಂಡದ್ದು, ಇನ್ನೊಂದು ಕ್ರೀಡಾಂಗಣಗಳ ನೆಲವನ್ನಷ್ಟೇ ಎಣಿಸಿದ್ದು. ಇಷ್ಟು ದೊಡ್ಡ ಅಂತರವುಳ್ಳ ಎರಡು ಸಂಖ್ಯೆಗಳು ಅಕ್ಕಪಕ್ಕ ನಿಲ್ಲುವ ಕಡೆ, ಮನೆ ಬಿಟ್ಟವರ ಪಟ್ಟಿಯನ್ನು ಯಾರೂ ಶ್ರದ್ಧೆಯಿಂದ ಇಟ್ಟಿರಲಿಲ್ಲ ಎಂದೇ ತಿಳಿಯಬೇಕಾಗುತ್ತದೆ. 1949ರಲ್ಲಿ ಮೂರು ಸಾವಿರಕ್ಕೂ ಹೆಚ್ಚಿದ್ದ ಹುಟಾಂಗ್‌ಗಳ ಸಂಖ್ಯೆ ಈ ಅವಧಿಯಲ್ಲಿ ತೀವ್ರವಾಗಿ ಕುಗ್ಗಿತು. 2010ರಲ್ಲಿ ದಕ್ಷಿಣದ ಎರಡು ಹಳೆಯ ಜಿಲ್ಲೆಗಳಾದ ಚೊಂಗ್‌ವೆನ್ ಮತ್ತು ಶುವಾನ್‌ವು ನೆರೆಯ ಜಿಲ್ಲೆಗಳಲ್ಲಿ ವಿಲೀನಗೊಂಡು, ಬಾಗಿಲುಗಳಿಂದ ಬಂದಿದ್ದ ಆ ಎರಡು ಹೆಸರುಗಳು ಆಡಳಿತದ ನಕಾಶೆಯಿಂದಲೂ ಮರೆಯಾದವು.

ಕೆಡವಿದ್ದನ್ನು ಮತ್ತೆ ‘ಹಳೆಯದರಂತೆ’ ಕಟ್ಟುವ ಹಂಬಲಕ್ಕೆ ಝೆಂಗ್‌ಯಾಂಗ್‌ಮೆನ್ ಎದುರಿನ ಛಿಯಾನ್‌ಮೆನ್ ಬೀದಿ ನಿದರ್ಶನ. 1669ರ ಔಷಧದಂಗಡಿ, 1864ರ ಬಾತುಕೋಳಿ ಖಾದ್ಯದ ಹೋಟೆಲು ಮೊದಲಾದ ಹೆಸರಾಂತ ಮನೆತನಗಳ ವ್ಯಾಪಾರ ನಡೆಯುತ್ತಿದ್ದ ಈ ಪೇಟೆಯನ್ನು ಇಪ್ಪತ್ತನೆಯ ಶತಮಾನದ ಆದಿಭಾಗದ ಚಿತ್ರಗಳನ್ನು ನೋಡಿ ಮರಳಿ ಕಟ್ಟಿ, ಒಲಿಂಪಿಕ್ಸ್ ಉದ್ಘಾಟನೆಯ ಮುನ್ನಾದಿನ, 2008ರ ಆಗಸ್ಟ್ 7ರಂದು ತೆರೆಯಲಾಯಿತು. ಹಕ್ಕಿಪಂಜರದ ಆಕಾರದ ಬೀದಿದೀಪ, 1924ರಲ್ಲಿ ನಗರಕ್ಕೆ ಮೊದಲು ಬಂದಿದ್ದ ಟ್ರಾಮಿನ ಪಡಿಯಚ್ಚು, ಎಲ್ಲವೂ ಅಲ್ಲಿವೆ. ಸಣ್ಣ ಅಂಗಡಿಕಾರರು ಹೊಸ ಬಾಡಿಗೆಯನ್ನು ತಾಳಲಾರದೆ ಹೊರಟುಹೋದರು. ಅಂತರರಾಷ್ಟ್ರೀಯ ಬ್ರ್ಯಾಂಡುಗಳು ಬಂದವು. ನೋಡಲು ಅಚ್ಚುಕಟ್ಟಾಗಿರುವ ಈ ಬೀದಿಯಲ್ಲಿ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮೇಲ್ಮಹಡಿಯಲ್ಲಿ ದೀಪ ಹಚ್ಚುವ ಸಂಸಾರಗಳಿಲ್ಲ. ಇನ್ನೊಂದೆಡೆ, ಕೆಡವದೆ ಉಳಿಸಿಕೊಂಡ ನಾನ್‌ಲುವೊಗುಶಿಯಾಂಗ್ ಓಣಿ ಪ್ರವಾಸಿಗಳಿಂದ ಎಷ್ಟು ಕಿಕ್ಕಿರಿಯಿತೆಂದರೆ, ತನಗೆ ದೊರೆತಿದ್ದ ಪ್ರವಾಸಿ ತಾಣದ ದರ್ಜೆಯೇ ಬೇಡವೆಂದು 2016ರಲ್ಲಿ ಅದು ತಾನಾಗಿ ಕೇಳಿಕೊಂಡಿತು.

ಲಿಯಾಂಗ್ ಮತ್ತು ಲಿನ್ 1930ರ ದಶಕದಲ್ಲಿ ಬಾಳಿದ, ಬೆಯ್‌ಝೊಂಗ್‌ಬು ಹುಟಾಂಗ್‌ನ 24ನೆಯ ಸಂಖ್ಯೆಯ ಅಂಗಳದ ಮನೆಯ ಕಥೆ ಇನ್ನೂ ನೋವಿನದು. ರಕ್ಷಿಸಬೇಕಾದ ಸ್ಮಾರಕವೆಂದು ಗುರುತಿಸಿದ್ದರೂ, 2012ರ ಜನವರಿಯಲ್ಲಿ ಚೀನೀ ಹೊಸ ವರ್ಷದ ರಜೆಯ ಆಸುಪಾಸಿನಲ್ಲಿ ಅದನ್ನು ನೆಲಸಮಗೊಳಿಸಿದ್ದು ಬಯಲಾಯಿತು. ಕೆಡವಿದವರು ಕೊಟ್ಟ ಸಮಜಾಯಿಷಿ ‘ದುರಸ್ತಿಗಾಗಿ ಮಾಡಿದ ಕೆಡವುವಿಕೆ’ ಎಂಬುದು. ಆ ಮಾತು ಚೀನಾದಾದ್ಯಂತ ಜನರ ಆಕ್ರೋಶಕ್ಕೆ ಗುರಿಯಾಯಿತು. ಐದು ಲಕ್ಷ ಯುವಾನ್ ದಂಡ ವಿಧಿಸಲಾಯಿತು. ಆ ಭಾಗದ ನೆಲದ ಬೆಲೆಗೆ ಹೋಲಿಸಿದರೆ ಅದು ದಂಡವೆನಿಸಿಕೊಳ್ಳುವ ಮೊತ್ತವೇ ಅಲ್ಲ. ಇಡೀ ದೇಶದ ಕಟ್ಟಡಗಳನ್ನು ಅಳೆದು ಉಳಿಸಲು ಹೆಣಗಿದವರ ಸ್ವಂತ ಮನೆಯನ್ನು ಉಳಿಸಲು ಅವರದೇ ನಗರದ ಕಾನೂನಿಗೆ ಬಲ ಸಾಲಲಿಲ್ಲ.

ವಿವೇಕ ಬರಲೇ ಇಲ್ಲವೆಂದರೆ ತಪ್ಪಾಗುತ್ತದೆ. ಚೀನಾ 1982ರಲ್ಲಿ ಪ್ರಕಟಿಸಿದ 24 ಐತಿಹಾಸಿಕ ನಗರಗಳ ಮೊದಲ ಪಟ್ಟಿಯಲ್ಲೇ ಬೀಜಿಂಗ್ ಇತ್ತು. 2002ರ ಹೊತ್ತಿಗೆ ಹಳೆಯ ನಗರದ 25 ಪ್ರದೇಶಗಳನ್ನು ರಕ್ಷಣೆಗೆ ಗುರುತಿಸಲಾಯಿತು. ಪತ್ರಕರ್ತ ವಾಂಗ್ ಜುನ್ 2003ರಲ್ಲಿ ಪ್ರಕಟಿಸಿದ ‘ಚೆಂಗ್ ಜಿ’ ಎಂಬ ಪುಸ್ತಕ ಲಿಯಾಂಗ್-ಚೆನ್ ಪ್ರಸ್ತಾವದ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. ಕೊನೆಗೆ 2017ರಲ್ಲಿ ಅಂಗೀಕೃತವಾದ ನಗರದ ಮಹಾಯೋಜನೆ, 62.5 ಚದರ ಕಿಲೊಮೀಟರ್ ವಿಸ್ತಾರದ ಹಳೆಯ ನಗರದಲ್ಲಿ ಇನ್ನು ಕೆಡವಬಾರದು ಎಂಬ ನಿಲುವನ್ನು ತಾಳಿತು. 2019ರ ಜನವರಿಯಲ್ಲಿ ಬೀಜಿಂಗ್ ಪುರಾಡಳಿತದ ಕಚೇರಿಗಳು ಹಳೆಯ ನಗರವನ್ನು ಬಿಟ್ಟು ಪೂರ್ವದ ಟೊಂಗ್‌ಝೌಗೆ ಹೋದವು. ದಿಕ್ಕು ಬೇರೆ, ಆದರೆ ಆಡಳಿತವನ್ನು ಹಳೆಯ ನಗರದಿಂದ ಹೊರಗಿಡಬೇಕೆಂದು 1950ರಲ್ಲಿ ಇಬ್ಬರು ಹೇಳಿದ್ದು ಇದನ್ನೇ. ಅಷ್ಟು ಹೊತ್ತಿಗೆ ಲಿಯಾಂಗ್ ತೀರಿಕೊಂಡು 47 ವರ್ಷಗಳೂ ಚೆನ್ ತೀರಿಕೊಂಡು ಸುಮಾರು 18 ವರ್ಷಗಳೂ ಆಗಿದ್ದವು.

ಆದರೂ ರಕ್ಷಣೆಯ ಹೆಸರಿನಲ್ಲಿ ನಡೆಯುವ ಎಲ್ಲವೂ ಓಣಿಯ ಪರವಾಗಿದೆ ಎನ್ನಲಾಗದು. 2017ರಲ್ಲಿ ಹುಟಾಂಗ್‌ಗಳ ಗೋಡೆ ಒಡೆದು ಮಾಡಿಕೊಂಡಿದ್ದ ಅಂಗಡಿ ಬಾಗಿಲುಗಳನ್ನು ಕಾನೂನುಬಾಹಿರವೆಂದು ಇಟ್ಟಿಗೆಯಿಟ್ಟು ಮುಚ್ಚಿಸಿದಾಗ, ತರಕಾರಿ ಮಾರುವವರು, ಬೀಗ ರಿಪೇರಿಯವರು, ತಿಂಡಿಯಂಗಡಿಯವರು ಒಟ್ಟಿಗೆ ಕಾಣೆಯಾದರು. ಅವರಲ್ಲಿ ಹಲವರು ದೂರದ ಪ್ರಾಂತ್ಯಗಳಿಂದ ದುಡಿಯಲು ಬಂದವರು. ಗೋಡೆ ಮತ್ತೆ ನೇರವಾಯಿತು, ಓಣಿ ನಿಶ್ಶಬ್ದವಾಯಿತು. ಓಣಿಯನ್ನು ಉಳಿಸುವುದೆಂದರೆ ಅಲ್ಲಿ ಬೆಳಿಗ್ಗೆ ಎದ್ದು ನೀರು ಹಿಡಿಯುವವರನ್ನು ಅಲ್ಲೇ ಉಳಿಸುವುದು, ಅವರಿಗೆ ಒಳಚರಂಡಿಯನ್ನೂ ಬೆಚ್ಚಗಿನ ಕೋಣೆಯನ್ನೂ ಅಲ್ಲೇ ಕೊಡುವುದು. ಜುಯರ್ ಓಣಿ ಈ ಪಾಠವನ್ನು ಮೂವತ್ತು ವರ್ಷಗಳ ಹಿಂದೆಯೇ ಕಲಿಸಿತ್ತು, ಅದನ್ನು ಊರಗಲಕ್ಕೆ ಹರಡಿದ್ದರೆ ಛಿಯಾನ್‌ಮೆನ್ ಬೀದಿಯಲ್ಲಿ ನಿಂತು ನಕಲಿನ ಮುಂದೆ ಕೈಮುಗಿಯುವ ಪ್ರಸಂಗ ಬರುತ್ತಿರಲಿಲ್ಲ.

ಬೀಜಿಂಗ್‌ಗೆ ಹೋಗುವ ಕನ್ನಡಿಗರು ಅರಮನೆಯನ್ನು ನೋಡಿದ ಮೇಲೆ ಅರ್ಧ ದಿನವನ್ನಾದರೂ ಚೊಂಗ್‌ವೆನ್‌ಮೆನ್ ನಿಲ್ದಾಣದ ಪೂರ್ವಕ್ಕಿರುವ ಮಿಂಗ್ ಕೋಟೆಗೋಡೆ ಅವಶೇಷಗಳ ಉದ್ಯಾನಕ್ಕೆ ಮೀಸಲಿಡಬೇಕು. 39.75 ಕಿಲೊಮೀಟರಿನಲ್ಲಿ ಉಳಿದಿರುವ ಸುಮಾರು ಒಂದೂವರೆ ಕಿಲೊಮೀಟರ್ ಗೋಡೆ ಮತ್ತು ಆಗ್ನೇಯ ಮೂಲೆಯ ಬುರುಜುಗೋಪುರ ಅಲ್ಲಿವೆ. ಗೋಡೆ ಉರುಳಿದ ಕಾಲದಲ್ಲಿ ಜನ ಅದರ ಇಟ್ಟಿಗೆಗಳನ್ನು ಹೊತ್ತೊಯ್ದು ಮನೆಗೋಡೆಗೆ, ಅಡುಗೆಮನೆಗೆ, ಕೋಳಿಗೂಡಿಗೆ ಬಳಸಿಕೊಂಡಿದ್ದರು. 1996ರಲ್ಲಿ ಗೋಡೆಯ ದುರಸ್ತಿಗಾಗಿ ಅವನ್ನು ಹಿಂದಿರುಗಿಸಿರೆಂದು ಕರೆ ಕೊಟ್ಟಾಗ, ಊರವರು ಆ ಇಟ್ಟಿಗೆಗಳನ್ನು ಕಿತ್ತು, ಮಣ್ಣು ಕೆರೆದು, ಗಾಡಿಗಳಲ್ಲಿ ಹೇರಿಕೊಂಡು ತಂದು ಕೊಟ್ಟರು. ಅಲ್ಲಿನ ಕೆಲವು ಇಟ್ಟಿಗೆಗಳ ಮೇಲೆ ಅವನ್ನು ಸುಟ್ಟ ಭಟ್ಟಿಯ ಮುದ್ರೆ ಈಗಲೂ ಓದಲು ಬರುವಂತಿದೆ.